ಬೆಣ್ಣೆಯಜ್ಜಿಯ ಬಾಗಿಲು ತೆರೆದಿದೆ

ಬೆಳಗಿನ ಐದೂಮುಕ್ಕಾಲು. ಪ್ರಾಥಮಿಕ ಶಾಲೆಯ ಹಿಂಬದಿಯ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ದೊಡ್ಡ ಪಾತ್ರೆಯಲ್ಲಿ ಹಾಲು ಕಾಯುತ್ತಿದೆ, ಪಕ್ಕದ ಒಲೆಯಲ್ಲಿ ಮೊಟ್ಟೆಗಳು ಕುದಿಯುತ್ತ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿವೆ. ಅರವತ್ತೊಂದು ವರ್ಷದ ಹೆಂಗಸೊಬ್ಬರು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಾರೆ. ನಡುವೆ ಒಂದಿಷ್ಟು ಬಳಿದು ಕೈತೊಳೆದುಕೊಳ್ಳುವ ಜಾಯಮಾನ ಅವರದಲ್ಲ. ನಾಲ್ಕೂ ಅಂಚಿಗೆ ತಾಗಬೇಕು.

"ಮಕ್ಳು ಮೊದ್ಲು ಕಚ್ಚೋದೇ ಅಂಚನ್ನ. ಅಲ್ಲೇ ಒಣಗಿದ್ರೆ ಏನ್ ಚಂದ?" ಎನ್ನುತ್ತಾರೆ. ಮಕ್ಕಳ ಬಾಯಲ್ಲಿ ಅವರು ಬೆಣ್ಣೆಯಜ್ಜಿ.

ಮೊದಲೇ ಬೆಂದ ಮೊಟ್ಟೆ ಸುಲಿಯುತ್ತ ಮೂಲೆಯಲ್ಲಿ ಕೂತವರು ಅವರ ಯಜಮಾನರು, ನಿವೃತ್ತ ಬಸ್ ಡ್ರೈವರ್. "ಮದ್ವೆಯಾಗಿ ಮೂವತ್ತೆಂಟು ವರ್ಷ ಆಯ್ತು. ನಂಗೆ ಒಂದಿನಾನೂ ಮೊಟ್ಟೆ ಸುಲಿದು ಕೊಟ್ಟವಳಲ್ಲ ಇವಳು" ಎಂದು ಗೊಣಗುತ್ತಾರೆ. "ನಿಮಗೆ ಹಲ್ಲೂ ಇದೆ, ಕೈಯೂ ಇದೆ. ಸುಮ್ನೆ ಸುಲೀರಿ" ಎಂಬ ಉತ್ತರ ತಿರುಗಿ ನೋಡದೆಯೇ ಬರುತ್ತದೆ.

ಇದೇ ಶಾಲೆಯಲ್ಲಿ ಕಸ ಗುಡಿಸುತ್ತ ಇಪ್ಪತ್ತೆರಡು ವರ್ಷ ಕಳೆದವರು ಬೆಣ್ಣೆಯಜ್ಜಿ. ಎಂಟು ವರ್ಷದ ಹಿಂದೆ ಒಂದು ಬೆಳಿಗ್ಗೆ, ಎರಡನೇ ತರಗತಿಯ ಹುಡುಗಿಯೊಬ್ಬಳು ನಲ್ಲಿಗೆ ಬಾಯಿಟ್ಟವಳು ತೆಗೆಯಲೇ ಇಲ್ಲ.

"'ಸಾಕು ಕಣೇ ಪುಟ್ಟಿ, ಹೊಟ್ಟೆ ಒಡೆದುಹೋಗುತ್ತೆ' ಅಂದೆ. 'ಹೊಟ್ಟೆ ತುಂಬ್ಲಿ ಅಂತಾನೇ ಕುಡೀತಿದೀನಿ' ಅಂದ್ಳು. ಅವರಮ್ಮ ನಾಲ್ಕು ಗಂಟೆಗೇ ಕೆಲಸಕ್ಕೆ ಹೋಗ್ತಿದ್ರಂತೆ. ನನ್ನ ಬುತ್ತಿ ಬಿಚ್ಚಿ ಅವಳ ಕೈಗಿಟ್ಟೆ. ಮಾರನೇ ದಿನ ಮೂರು ಜನ ಬಂದ್ರು."

ಸುದ್ದಿ ಮುಖ್ಯೋಪಾಧ್ಯಾಯಿನಿಯ ಕಿವಿಗೆ ಬಿತ್ತು. ಯಾರಿಗಾದರೂ ವಾಂತಿಯಾದರೆ ಯಾರು ಹೊಣೆ ಎಂದು ಅವರು ಕೇಳಿದರು. "ಅವರು ತಿನ್ನೋದನ್ನೇ ನಾನೂ ತಿಂತೀನಿ ಮೇಡಂ. ಮೊದ್ಲು ನಂಗೇ ಆಗ್ಲಿ" ಎಂದರು ಇವರು. ವಾರದೊಳಗೆ ಮುರಿದ ಬೆಂಚು ತುಂಬಿದ್ದ ಈ ಕೋಣೆಯ ಬೀಗದ ಕೈ ಸಿಕ್ಕಿತು. ಬೇಕರಿಯವರು, ಡೈರಿಯವರು ಒಬ್ಬೊಬ್ಬರಾಗಿ ಕೈಜೋಡಿಸಿದರು.

ದೊಡ್ಡ ಪೆಟ್ಟು ಬಿದ್ದದ್ದು ಮೂರನೇ ವರ್ಷ. ನಿಜವಾಗಿ ಇಲ್ಲದವರಿಗೆ ಮಾತ್ರ ಕೊಡಿ ಎಂದು ಮೇಲಿನಿಂದ ಸೂಚನೆ ಬಂತು. ಹೆಸರಿನ ಪಟ್ಟಿ ಬಾಗಿಲಿಗೆ ಅಂಟಿತು. ನಲವತ್ತಮೂರು ಮಕ್ಕಳಿದ್ದದ್ದು ಒಂದೇ ವಾರದಲ್ಲಿ ಒಂಬತ್ತಕ್ಕೆ ಇಳಿಯಿತು. ಉಳಿದವರು ಕೋಣೆಯ ಕಡೆ ಮುಖವನ್ನೂ ತಿರುಗಿಸದೆ ಸರಸರನೆ ದಾಟಿಹೋಗುತ್ತಿದ್ದರು.

"ಹಾಲು ಉಳೀತಿತ್ತು, ಮಕ್ಳು ಹಸ್ಕೊಂಡು ಕೂತಿರೋವು. ನಂಗೆ ತಡೆಯೋಕಾಗ್ಲಿಲ್ಲ. ಮೇಡಂ ಎದುರಿಗೇ ಪಟ್ಟಿ ಕಿತ್ತು ಹಾಕ್ದೆ. ಹಸಿದಿದೀನಿ ಅಂತ ಬಾಗಿಲ ಮೇಲೆ ಬರೆಸ್ಕೊಂಡು ನೀವು ಒಳಗೆ ಬರ್ತೀರಾ ಅಂತ ಕೇಳ್ದೆ. ಕೆಲ್ಸ ಹೋಯ್ತು ಅಂದ್ಕೊಂಡೇ ಮನೆಗೆ ಹೋದೆ."

ಕೆಲಸ ಹೋಗಲಿಲ್ಲ. ಮರುದಿನ ಏಳು ಗಂಟೆಗೆ ಮುಖ್ಯೋಪಾಧ್ಯಾಯಿನಿ ತಾವೇ ಬಂದು, ಮಕ್ಕಳ ನಡುವೆ ಬೆಂಚಿನ ಮೇಲೆ ಕೂತು, "ನಂಗೂ ಎರಡು ಬ್ರೆಡ್ ಕೊಡಿ" ಎಂದರು. ಆಮೇಲೆ ಟೀಚರುಗಳು ಬಂದರು. ಅವರ ಹಿಂದೆ ಮನೆಯಲ್ಲಿ ತಿಂದ ಮಕ್ಕಳೂ, ತಿನ್ನದ ಮಕ್ಕಳೂ ಒಟ್ಟಾಗಿ ನುಗ್ಗಿದರು. ಯಾರು ಯಾರೆಂದು ಗುರುತು ಹಿಡಿಯುವುದೇ ಅಂದಿನಿಂದ ಅಸಾಧ್ಯವಾಯಿತು. ಮೇಲಿನವರಿಗೆ ಏನು ಉತ್ತರ ಬರೆದರೋ, ಮುಖ್ಯೋಪಾಧ್ಯಾಯಿನಿ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಈಗ ದಿನಕ್ಕೆ ಎಂಬತ್ತಾರು ಮಕ್ಕಳು. ಹದಿನೆಂಟು ಲೀಟರ್ ಹಾಲು, ಒಂಬತ್ತು ಪೌಂಡ್ ಬ್ರೆಡ್, ತೊಂಬತ್ತು ಮೊಟ್ಟೆ. ಮೊದಲೆಲ್ಲ ಹನ್ನೊಂದು ಗಂಟೆಯೊಳಗೆ ನಾಲ್ಕೈದು ಮಕ್ಕಳು ತಲೆಸುತ್ತು, ಹೊಟ್ಟೆನೋವು ಎಂದು ಚಾಪೆ ಹಿಡಿಯುತ್ತಿದ್ದರು. ಆ ಚಾಪೆಯನ್ನು ಈಗ ಸುತ್ತಿ ಬೀರುವಿನ ಮೇಲಿಟ್ಟಿದ್ದಾರೆ.

ಎಂಟು ಹೊಡೆಯುತ್ತದೆ. ಲೋಟಗಳ ಸದ್ದು ನಿಂತು, ಮೇಲಿನ ತರಗತಿಯಿಂದ ಮಗ್ಗಿ ಕೇಳಿಬರುತ್ತದೆ. ಬೆಣ್ಣೆಯಜ್ಜಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಂದು ಗಳಿಗೆ ಕಿವಿಗೊಡುತ್ತಾರೆ.

"ನಂಗೆ ಆ ಮಗ್ಗಿ ಹತ್ತರಿಂದಾಚೆ ಬರಲ್ಲ" ಎಂದು ನಗುತ್ತಾರೆ. "ಆದ್ರೆ ಅಷ್ಟು ಜೋರಾಗಿ ಹೇಳೋಕೆ ಬೇಕಾದ ಉಸಿರು ಇಲ್ಲಿಂದ ಹೋಗಿರೋದು."