ಮೊದಲ ತುತ್ತಿನ ಮಾತು

ಖಾನಾವಳಿ ಅಕ್ಕನ ಮುಂದಿನ ಎರಡು ಹಲ್ಲುಗಳ ತುದಿ ಸವೆದು ಓರೆಯಾಗಿತ್ತು. ವರ್ಷಗಟ್ಟಲೆ ಜೋಳದ ಕಾಳು ಕಡಿದು ನೋಡಿ ಹಾಗಾಗಿತ್ತು. ಮಾರಲು ಬಂದವರು ಚೀಲ ಬಿಚ್ಚಿದೊಡನೆ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, "ಇದು ಬಾಗೇವಾಡಿ ಕಡೀದಲ್ಲ ಬಿಡ್ರಿ, ಯಾರಿಗೆ ಹೇಳ್ತೀರಿ" ಎಂದು ನಗುತ್ತಿದ್ದರು.

ಸಿಂದಗಿಯಲ್ಲಿ ನನ್ನ ಟೇಲರ್ ಅಂಗಡಿಗೆ ಹೊಂದಿಕೊಂಡೇ ಅವರ ಖಾನಾವಳಿ. ಇಂಡಿ ತಾಲೂಕಿನ ಲಿಂಬೆ, ತಾಳಿಕೋಟೆ ಕಡೆಯ ತೊಗರಿ, ಮುದ್ದೇಬಿಹಾಳದ ಹೊಲಗಳಿಂದ ಬಂದ ಅಗಸೆ. ಹೊರಗಿನದು ಎಂದರೆ ಉಪ್ಪೊಂದೇ. ಊರಿಗೆ ಹೊಸಬರಾದ ಬ್ಯಾಂಕಿನ ಸಾಹೇಬರೊಬ್ಬರು ಒಮ್ಮೆ ಪನೀರ್ ಕೇಳಿದರು. "ಅದು ಯಾರ ಹೊಲದಾಗ ಬೆಳಿತೈತಿ ಹೇಳ್ರಿ, ನಾಳೆ ತರಸ್ತೇನಿ" ಎಂದರು ಅಕ್ಕ. ಸಾಹೇಬರು ಬದನೆ ಎಣ್ಣೆಗಾಯಿಯನ್ನು ಎರಡು ಸಲ ಹಾಕಿಸಿಕೊಂಡು ಎದ್ದರು.

ಒಲೆಯ ಮೇಲಿನ ಅಡುಗೆಯನ್ನು ಮಾತ್ರ ಅಕ್ಕ ನಾಲಿಗೆಗೆ ತಾಗಿಸುತ್ತಿರಲಿಲ್ಲ. ಉಣ್ಣುವವರಿಗಿಂತ ಮೊದಲು ಮಾಡಿದವರು ರುಚಿ ನೋಡಿದರೆ ಅದು ಎಂಜಲು ಎನ್ನುವರು. ದಿನಾ ಮೊದಲು ಕೂಡುವವನು ನಾನು. ಸೌಟು ಹಿಡಿದು ಎದುರಿಗೆ ನಿಲ್ಲುತ್ತಿದ್ದರು.

"ತಮ್ಮಾ, ಉಪ್ಪು ಹೆಂಗೈತಿ?"

ಕೆಟ್ಟಿದೆ ಎಂದರೆ ನೀರು ಬೆರೆಸಿ ಸರಿಮಾಡುವವರಲ್ಲ. ಪಾತ್ರೆಯನ್ನೇ ಹಿತ್ತಲಲ್ಲಿ ಸುರುವಿ, ಮತ್ತೆ ಹೊಸದಾಗಿ ಒಗ್ಗರಣೆ ಹಾಕುವರು.

ಹೋದ ಬೇಸಿಗೆಯಲ್ಲಿ ಒಂದು ದಿನ ಪುಂಡಿ ಸೊಪ್ಪಿನ ಪಲ್ಲೆ ಬಾಯಿಗಿಡಲಾರದಷ್ಟು ಉಪ್ಪಾಗಿತ್ತು. ಬೆಳಿಗ್ಗೆಯಿಂದ ನಿಂತು ಅಕ್ಕನ ಕಾಲು ಬಾತಿದ್ದವು. ಅವರನ್ನು ಮತ್ತೆ ಒಲೆ ಮುಂದೆ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ.

"ಚೊಲೋ ಐತ್ರಿ ಅಕ್ಕಾ" ಎಂದೆ.

ಮರುದಿನವೂ ಹಾಗೇ ಎಂದೆ. ಎರಡು ತಿಂಗಳು ಹಾಗೇ ಎಂದೆ. ಬೇರೆ ಗಿರಾಕಿಗಳು ಮೊಸರು ಹೆಚ್ಚು ಕೇಳಿದರು, ಕೆಲವರು ಬರುವುದನ್ನೇ ಬಿಟ್ಟರು. ಅವರೂ ಬಾಯಿ ಬಿಡಲಿಲ್ಲ.

ಎಲ್ಲರದೂ ಆದ ಮೇಲೆ ಅಕ್ಕ ಉಣ್ಣಲು ಕೂತಾಗ ಅವರಿಗೆ ಎಲ್ಲವೂ ಸಪ್ಪಗೆ ಹತ್ತುತ್ತಿತ್ತಂತೆ. ನಾಲಿಗೆಯ ಅಡಿಯಲ್ಲಿ ಒಂದು ಹುಣ್ಣೂ ಇತ್ತು. ಮರುದಿನ ಉಪ್ಪು ಒಂದು ಚಿಟಿಕೆ ಏರಿಸುವರು, ನಾನು ಚೊಲೋ ಎನ್ನುವೆ, ತಮ್ಮ ನಾಲಿಗೆ ನೆಟ್ಟಗಿದೆ ಎಂದುಕೊಂಡು ಸುಮ್ಮನಾಗುವರು. ವಿಜಯಪುರದ ಡಾಕ್ಟರು ನೋಡುವ ಹೊತ್ತಿಗೆ ಆ ಹುಣ್ಣಿನ ಕ್ಯಾನ್ಸರ್ ಕುತ್ತಿಗೆಗೆ ಇಳಿದಿತ್ತು. ಮೊದಲೇ ಯಾಕೆ ಬರಲಿಲ್ಲ ಎಂದು ಅವರು ಕೇಳಿದ್ದು ಅಕ್ಕನನ್ನು. ತಲೆ ತಗ್ಗಿಸಿದವನು ನಾನು.

ಆಸ್ಪತ್ರೆಯಲ್ಲಿ ನಿಜ ಹೇಳಿದೆ. ಅಕ್ಕನ ಮಾತು ಆಗಲೇ ತೊದಲುತ್ತಿತ್ತು.

"ಹುಣ್ಣು ಸುಡ್ತಿತ್ತೋ ತಮ್ಮಾ. ನೀ ಚೊಲೋ ಐತಿ ಅಂತಿದ್ದಿ. ಅದಕ್ಕ ಯಾರಿಗೂ ತೋರಿಸಲಿಲ್ಲ."

"ನಿಮಗ ತ್ರಾಸ ಆಗಬಾರದು ಅಂತ, ಅಕ್ಕಾ."

"ಒಂದು ಪಾತ್ರಿ ಪಲ್ಲೆ ಚೆಲ್ಲಿದ್ರ ಏನಾಗ್ತಿತ್ತು?"

ಬೈಯಲಿಲ್ಲ. ಹೋಗಲಿ ಬಿಡು ಎಂದೂ ಅನ್ನಲಿಲ್ಲ. ದೀಪಾವಳಿಗೆ ಮುಂಚೆ ತೀರಿಕೊಂಡರು.

ಅವರ ದಿನಕರ್ಮಕ್ಕೆ ಹೊರಗಿನ ಅಡುಗೆಯವರು ಬಂದಿದ್ದರು. ನನ್ನನ್ನು ಮೊದಲ ಪಂಕ್ತಿಯಲ್ಲಿ ಕೂಡಿಸಿದರು. ಅಕ್ಕನ ಅಣ್ಣ ಸಾಲಿನ ಮುಂದೆ ನಿಂತು, "ಎಲ್ಲಾ ಬರೋಬ್ಬರಿ ಐತ್ರಿ?" ಎಂದು ಕೇಳಿದರು. ಚೊಲೋ ಐತ್ರಿ, ಚೊಲೋ ಐತ್ರಿ ಎಂದು ಎಲ್ಲರೂ ಅಂದರು.

"ಪಲ್ಲೇಕ ಉಪ್ಪು ಹೆಚ್ಚಾಗೇತ್ರಿ" ಎಂದೆ.

ಸಾಲಿಗೆ ಸಾಲೇ ನನ್ನ ಕಡೆ ತಿರುಗಿತು. ಸತ್ತವರ ಮನೆಯ ಊಟದಲ್ಲಿ ಯಾರೂ ತಪ್ಪು ತೆಗೆಯುವುದಿಲ್ಲ. ನಾನು ತಲೆ ಎತ್ತದೆ ತಾಟಿನಲ್ಲಿದ್ದದ್ದನ್ನೆಲ್ಲ ಉಂಡೆ.