ಮೊದಲ ಹೋಳು

ವ್ಯಾಪಾರಿಗಳು ಒಳಗೊಳಗೇ ಹೊಂದಿಕೊಂಡು ದರ ಕಟ್ಟಿದರೆ ಅವರ ಮೇಲೆ ದಾವೆ ಹೂಡುವುದು ನನ್ನ ಕಸುಬು. ಟೈರಿನಿಂದ ಔಷಧಿಯವರೆಗೆ ಎಷ್ಟೋ ಕೇಸು ನಡೆಸಿದ್ದೇನೆ. ಆದರೂ ಹೊಸ ಫೈಲು ಬಿಚ್ಚಿದಾಗೆಲ್ಲ ಮೂಗಿಗೆ ಮೊದಲು ಬರುವುದು ತಿಪಟೂರಿನ ಅಪ್ಪನ ಮಂಡಿಯ ವಾಸನೆ: ಗೋಣಿಚೀಲ, ಕಾಫಿ, ವರ್ಷವಿಡೀ ಅಟ್ಟದ ಮೇಲೆ ಒಣಗಿದ ಉಂಡೆ ಕೊಬ್ಬರಿ. ಆ ವಾಸನೆ ನನಗೆ ಈಗಲೂ ಇಷ್ಟ.

ಅಪ್ಪ ದಲ್ಲಾಳಿ. ಬೆಳೆಗಾರರು ತಂದ ಕೊಬ್ಬರಿಯನ್ನು ಒಳ್ಳೇ ದರಕ್ಕೆ ಮಾರಿಸಿಕೊಡಬೇಕಾದವರು. ಟೆಂಡರಿನ ದಿನ ಬೆಳಿಗ್ಗೆ ಖರೀದಿದಾರರೆಲ್ಲ ನಮ್ಮ ಮಂಡಿಗೆ ಬರುತ್ತಿದ್ದರು. ಕಾಲೇಜಿಗೆ ರಜೆಯಿದ್ದರೆ ಕಾಫಿ ಕೊಡುವ ಕೆಲಸ ನನ್ನದು. ಅಪ್ಪ ಒಂದು ಉಂಡೆಯನ್ನು ಚಾಕುವಿನಿಂದ ಸೀಳಿ ಹೋಳು ಹಂಚುತ್ತಿದ್ದರು. ದರದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಮೊದಲ ಹೋಳು ಯಾರ ಕೈ ಸೇರಿತೋ ಅವತ್ತಿನ ದೊಡ್ಡ ರಾಶಿಗಳು ಅವರವು. ಅವರು ಹೋದ ವಾರದ ದರವನ್ನೇ ಚೀಟಿಯಲ್ಲಿ ಬರೆಯುವರು, ಉಳಿದವರು ಅದಕ್ಕಿಂತ ಕಮ್ಮಿ. ಇಷ್ಟು ಅರ್ಥವಾಗಲು ನನಗೆ ಎರಡು ರಜೆ ಹಿಡಿಯಿತು. ಕೇಳಿದ್ದಕ್ಕೆ ಅಪ್ಪ, "ಒಬ್ರಿಗೊಬ್ರು ಆಗ್ಬೇಕಲ್ಲಮ್ಮ, ಬುಡು" ಎಂದರು. ನನಗೂ ಅದು ದೊಡ್ಡವರ ಮರ್ಯಾದೆಯಂತೆಯೇ ಕಂಡಿತ್ತು.

ತೊಂಬತ್ತರ ದಶಕದ ಕೊನೆಗೆ ನಾನು ಬೆಂಗಳೂರಿನಲ್ಲಿ ವಕೀಲಿಕೆ ಮಾಡುತ್ತಿದ್ದೆ. ತಿಪಟೂರಿಗೇ ಕೊಬ್ಬರಿ ತರುವ ನೊಣವಿನಕೆರೆ ಕಡೆಯ ಬೆಳೆಗಾರರ ಪರವಾಗಿ ಒಬ್ಬ ಹೆಂಗಸು ಹುಡುಕಿಕೊಂಡು ಬಂದರು. ವಯಸ್ಸು ನೋಡಿ ದೊಡ್ಡಮ್ಮ ಎಂದು ಕರೆದೆ. ಸೆರಗಿನಲ್ಲಿ ಸುತ್ತಿ ತಂದ ಮಾರಾಟದ ಚೀಟಿಗಳಲ್ಲಿ ವಾರವಾರವೂ ಅದೇ ದರ. "ನಮ್ ಕಡೆ ಹುಡ್ಗಿ ನೀನು. ನೀನೇ ನಡ್ಸವ್ವ" ಎಂದರು.

ಅವತ್ತೇ ಬೇಡವೆನ್ನಬೇಕಿತ್ತು. ದಾವೆ ಖರೀದಿದಾರರ ಮೇಲೆ, ಅಪ್ಪನ ಮೇಲಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ವಕಾಲತ್ತಿಗೆ ಸಹಿ ಹಾಕಿದೆ. ಚಿಕ್ಕ ವಯಸ್ಸಿನ ಸೊಕ್ಕು. ಅಪ್ಪ ಬೈಯಲಿಲ್ಲ. ಬಸ್ಸಿನ ಡ್ರೈವರ್ ಕೈಲಿ ಕಳಿಸುತ್ತಿದ್ದ ಕೊಬ್ಬರಿ ಮಾತ್ರ ನಿಂತಿತು.

ಇಂಥ ದೂರುಗಳನ್ನು ಕೇಳುವ ದಿಲ್ಲಿಯ ಆಯೋಗದಲ್ಲಿ ಎದುರು ಪಕ್ಷದ ವಕೀಲರು ಕೇಳಿದ್ದು ಒಂದೇ ಮಾತು: ದರ ಒಂದೇ ಇದ್ದರೆ ಒಪ್ಪಂದವಾಯಿತೇ? ಅವರು ಕೂಡಿ ಮಾತಾಡಿದ್ದನ್ನು ಕಂಡವರು ಯಾರು?

ಕಂಡವಳು ನಾನೇ. ಸಾಕ್ಷಿ ಹೇಳುವ ವಕೀಲರು ಅದೇ ಕೇಸು ನಡೆಸುವಂತಿಲ್ಲ. ವಕಾಲತ್ತು ಬೇರೆಯವರಿಗೆ ಬಿಟ್ಟುಕೊಟ್ಟು ನಾನು ಕಟಕಟೆ ಹತ್ತಬಹುದಿತ್ತು. ಆದರೆ ಬೇಲಿಯೇ ಎದ್ದು ಹೊಲ ಮೇಯ್ದ ಕಥೆಯನ್ನು ಬೇಲಿಯ ಮಗಳು ಹೇಳುವುದು ಹೇಗೆ? ಅಪ್ಪನೆಂದರೆ ನನಗೆ ಜೀವ. ಕಾನೂನಿನ ಅಂಶಗಳನ್ನೇ ಉದ್ದುದ್ದ ವಾದಿಸಿ ಕೂತೆ. ಸಾಕ್ಷ್ಯವಿಲ್ಲವೆಂದು ಅರ್ಜಿ ವಜಾ ಆಯಿತು. ಆಮೇಲಿನ ವಾರ ಬಸ್ಸಿನಲ್ಲಿ ಕೊಬ್ಬರಿ ಬಂತು. ಅದನ್ನು ತಿನ್ನುತ್ತಾ ಅತ್ತೆ.

ಕೆಲವು ವರ್ಷಗಳ ಮೇಲೆ ಅಪ್ಪ ತೀರಿಕೊಂಡರು. ಕಾರ್ಯದ ದಿನ ದೊಡ್ಡಮ್ಮ ಬಂದು ಊಟ ಮಾಡಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈ ಹಿಡಿದುಕೊಂಡರು.

"ನಿಮ್ಮಪ್ಪ ಹೋಳು ಹಂಚೋದ್ನ ಮಂಡಿ ಜಗಲಿ ಮ್ಯಾಲೆ ಕೂತು ನೋಡ್ತಿದ್ದೆ ಕಣವ್ವ. ನೀನು ಕಾಫಿ ಕೊಡ್ತಿದ್ದಿದ್ನೂ ನೋಡಿದೀನಿ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ ದೊಡ್ಡಮ್ಮ?"

"ನಾನೇಳಿದ್ರೆ ಹೊಟ್ಟೆಕಿಚ್ಚು ಅಂತಾರೆ. ನೀನೇಳ್ತೀಯ ಅಂತ್ಲೇ ನಿನ್ನ ಹುಡುಕ್ಕೊಂಡು ಬಂದಿದ್ದು."