ತಗಡು ಬೇಡವೆಂದ ಗಿರಿಜಾಂಬಾ

ಒಂಟಿಕೊಪ್ಪಲಿನ ಗಿರಿಜಾಂಬಾ ಗಂಡ ತೀರಿಕೊಂಡ ಮೇಲೂ ಕಾರು ಓಡಿಸುವುದನ್ನು ಬಿಡಲಿಲ್ಲ. ಅದೊಂದು ಹಳೆಯ ಬೇಬಿ ಆಸ್ಟಿನ್. ಡಾಕ್ಟರ್ ಚನ್ನಬಸವಯ್ಯನವರು ಅದರಲ್ಲೇ ಹಳ್ಳಿಗಳಿಗೆ ಹೋಗಿ ರೋಗಿಗಳನ್ನು ನೋಡಿ ಬರುತ್ತಿದ್ದರು. ಹುಣಸೂರು ರಸ್ತೆಯ ಸಾಲುಮರಗಳ ನೆರಳಲ್ಲಿ ಹೆಂಡತಿಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವರೂ ಅವರೇ. ಅವರು ತೀರಿಕೊಂಡ ವರ್ಷವೇ ಗಿರಿಜಾಂಬಾ ಹಣೆಗೆ ವಿಭೂತಿ ಹಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾವು ಪಾಠ ಹೇಳುವ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ಅದೇ ಕಾರಿನಲ್ಲಿ ಹೋಗಿಬರತೊಡಗಿದರು.

1957ರ ಆಷಾಢದ ಗಾಳಿಗೆ ಕಾರಿನ ಟಾಪು ಹರಿದುಹೋಯಿತು. ಮಳೆ ಬಂದಾಗ ಎತ್ತಿಕೊಳ್ಳುವ, ಬೇಡವಾದಾಗ ಹಿಂದಕ್ಕೆ ಮಡಿಚಿಡುವ ಬಟ್ಟೆಯ ಚಾವಣಿ ಅದು. ಅಷ್ಟು ಹೊತ್ತಿಗೆ ಅದರಲ್ಲಿ ಬಟ್ಟೆಗಿಂತ ತೇಪೆಯೇ ಹೆಚ್ಚಾಗಿತ್ತು.

ಸಂತೇಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಭಾವ ರುದ್ರಸ್ವಾಮಿ ಭಾನುವಾರ ಬೆಳಗ್ಗೆ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದರು. ತಮ್ಮನ ಹೆಂಡತಿ ಕಾರು ಓಡಿಸುವುದು ಅವರಿಗೆ ಮೊದಲಿನಿಂದಲೂ ಸರಿಬರುತ್ತಿರಲಿಲ್ಲ.

"ತಗಡು ಹೊಡೆಸಿಬಿಡೋಣ ಗಿರಿಜಮ್ಮ," ಎಂದರು. "ಮೇಲೆ ತಗಡು, ಪಕ್ಕಕ್ಕೆ ಪರದೆ. ನೀವು ಹೋಗೋದು ಬರೋದು ಯಾರ ಕಣ್ಣಿಗೂ ಬೀಳಲ್ಲ. ಗೌರವವಾಗಿರುತ್ತೆ."

"ತಗಡು ಮಡಿಚೋಕಾಗಲ್ಲ ಭಾವನವರೆ."

"ಮಡಿಚೋದು ಯಾಕೆ ಬೇಕು?"

"ನನಗೆ ಬೇಕು," ಎಂದು ಗಿರಿಜಾಂಬಾ ಕಾಫಿ ತರಲು ಒಳಗೆ ಹೋದರು.

ಟಾಪು ಹೊಲಿಯುವವನು ಮಂಡಿಮೊಹಲ್ಲಾದ ಚಾಮಯ್ಯ. ಹಿಂದೆ ಸಾರೋಟುಗಳ ಗಾದಿ, ಟಾಪು ಹೊಲಿದ ಕೈ. ಅವನ ಹತ್ತಿರ ಇದ್ದದ್ದು ರೆಕ್ಸಿನ್ ಮಾತ್ರ. ಗಿರಿಜಾಂಬಾ ಅದರ ತುಂಡೊಂದನ್ನು ತಂದು ಅಂಗಳದ ಬಿಸಿಲಲ್ಲಿಟ್ಟು, ಹೋಗುತ್ತ ಬರುತ್ತ ಮಡಿಚಿ ಬಿಚ್ಚಿದರು. ದಸರೆಯ ಹೊತ್ತಿಗೆ ಮಡಿಕೆಯ ಉದ್ದಕ್ಕೂ ಬಿರುಕು ಬಿಟ್ಟಿತು. ಹಳೇ ಟಾಪಿನ ಬಟ್ಟೆಯೇ ಬೇರೆ: ಎರಡು ಬಟ್ಟೆಗಳ ನಡುವೆ ತೆಳ್ಳಗೆ ರಬ್ಬರ್ ಹಾಕಿ ಒತ್ತಿದ್ದು. ಅದು ಪರದೇಶದಿಂದ ಬರಬೇಕಿತ್ತು, ಈಗ ಆಮದು ನಿಂತಿತ್ತು. ಅವರು ರಜೆ ಹಾಕಿ ಬೆಂಗಳೂರಿಗೆ ಹೋಗಿ, ಮೋಟಾರು ಸಾಮಾನಿನ ಅಂಗಡಿಗಳನ್ನೆಲ್ಲ ಹತ್ತಿ ಇಳಿದರು. ಎಲ್ಲ ಕಡೆಯೂ ರೆಕ್ಸಿನ್ ಬಿಚ್ಚಿ ತೋರಿಸುವವರೇ.

ಬರಿಗೈಯಲ್ಲಿ ಮನೆಗೆ ಬಂದರೆ ಅಂಗಳದಲ್ಲಿ ತಗಡಿನ ಹಾಳೆಗಳು ಒರಗಿದ್ದವು. ಚಾಮಯ್ಯ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಟಾಪನ್ನು ಎತ್ತಿ ಹಿಡಿಯುವ ಮರದ ಕಮಾನುಗಳ ಮೇಲೆ ಗರಗಸ ಇಟ್ಟಿದ್ದ. ರುದ್ರಸ್ವಾಮಿ ಜಗಲಿಯಲ್ಲಿ ನಿಂತು ನೋಡುತ್ತಿದ್ದರು.

ಗಿರಿಜಾಂಬಾ ಚೀಲ ಕೆಳಗಿಟ್ಟರು. ಬಾಗಿಲು ತೆಗೆದು ಕಾರಿನೊಳಗೆ ಕೂತು, ಗರಗಸವಿದ್ದ ಕಮಾನಿನ ಮೇಲೆಯೇ ಕೈ ಇಟ್ಟರು.

"ಗರಗಸ ತೆಗಿ ಚಾಮಯ್ಯ."

"ಯಜಮಾನ್ರು ಏಳಿದ್ರು ಕಣಮ್ಮಾ. ನೀವೂ ಒಪ್ಪಿದೀರಿ ಅಂದ್ರು."

"ನಾನು ಒಪ್ಪಿಲ್ಲ."

ಚಾಮಯ್ಯ ತಲೆತಗ್ಗಿಸಿ ಗರಗಸ ತೆಗೆದ. ರುದ್ರಸ್ವಾಮಿ ಮೆಟ್ಟಿಲಿಳಿದು ಬಂದರು. "ನನ್ನ ತಮ್ಮ ಇದ್ದಿದ್ರೆ ನೀವು ಹಿಂಗೆ ಎದುರು ಮಾತಾಡ್ತಿದ್ರಾ?"

"ಅವರಿದ್ದಿದ್ರೆ ನೀವು ಈ ಕಾರು ಮುಟ್ಟುತ್ತಿದ್ರಾ?"

ರುದ್ರಸ್ವಾಮಿ ಛತ್ರಿ ತೆಗೆದುಕೊಂಡು ನಡೆದರು. ತಗಡು ಅಲ್ಲೇ ಉಳಿಯಿತು. ಗಿರಿಜಾಂಬಾ ಮರುದಿನ ಬಾಡಿಗೆ ಬಂಡಿ ತರಿಸಿ, ಹಾಳೆಗಳನ್ನು ಅವರ ಅಂಗಡಿಯ ಮುಂದೆಯೇ ಇಳಿಸಿಬಿಟ್ಟರು.

ಹಿಂಗಾರು ಮಳೆ ಶುರುವಾಯಿತು. ಗಿರಿಜಾಂಬಾ ಟಾಪಿಲ್ಲದ ಕಾರಿನಲ್ಲೇ, ಗಂಡನ ಉದ್ದನೆಯ ರೇನ್‌ಕೋಟು ಹಾಕಿಕೊಂಡು ಸ್ಕೂಲಿಗೆ ಹೋದರು. ಜನ ಅಂಗಡಿಗಳ ಸೂರಿನಡಿ ನಿಂತು ನೋಡಿದರು, ಕೆಲವರು ನಕ್ಕರು. ಅವರು ಹಾರನ್ ಒತ್ತಿ ಮುಂದೆ ಹೋದರು. ಒಂದು ಸಂಜೆ ಕೋಟನ್ನು ಒಣಗಲು ಹಾಕುವಾಗ ಅದರ ಹರಿದ ಅಂಚು ಕಣ್ಣಿಗೆ ಬಿತ್ತು. ಎರಡು ಬಟ್ಟೆ, ನಡುವೆ ರಬ್ಬರು. ಹಳೇ ಟಾಪಿನ ಚೂರನ್ನು ತಂದು ಪಕ್ಕದಲ್ಲಿ ಹಿಡಿದರು. ಬಣ್ಣ ಬೇರೆ, ಬಟ್ಟೆ ಅದೇ.

ಆ ಕೋಟು ಬಂದದ್ದು ಹೇಗೆಂದು ಅವರಿಗೆ ಗೊತ್ತಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಸಾಮಾನನ್ನು ಇಲವಾಲದ ಜವರಯ್ಯ ಎಂಬ ರೈತ ಗಾಡಿಗಟ್ಟಲೆ ಕೊಂಡಿದ್ದ. ತನ್ನನ್ನು ವಿಷಮಶೀತ ಜ್ವರದಿಂದ ಬದುಕಿಸಿದ್ದಕ್ಕೆ ಡಾಕ್ಟರಿಗೆ ಆ ಕೋಟನ್ನು ತಂದುಕೊಟ್ಟಿದ್ದ.

ಶನಿವಾರ ಸ್ಕೂಲು ಬಿಟ್ಟೊಡನೆ ಇಲವಾಲಕ್ಕೆ ಹೊರಟರು. ಜವರಯ್ಯ ತೀರಿಕೊಂಡಿದ್ದ. ಹೆಂಡತಿ ಮಾದೇವಮ್ಮ ಹಟ್ಟಿಯ ಮುಂದೆ ರಾಗಿ ಕೇರುತ್ತಿದ್ದರು. ಕಾರನ್ನೂ ಕಾರಿನಿಂದ ಇಳಿದವರನ್ನೂ ನೋಡಿ ಮೊರ ಕೆಳಗಿಟ್ಟರು.

"ಒಬ್ರೇ ಓಡುಸ್ಕಂಡು ಬಂದ್ರಾ?"

"ಹೌದು. ನಾನು ಡಾಕ್ಟರ್ ಚನ್ನಬಸವಯ್ಯನವರ ಮನೆಯವಳು."

ಮಾದೇವಮ್ಮ ಒಳಗೆ ಕರೆದು ಮಜ್ಜಿಗೆ ಕೊಟ್ಟರು. ಬಂದ ಕೆಲಸ ಕೇಳಿ ಅಟ್ಟದ ಕಡೆ ನೋಡಿದರು. ಅಂಥ ಬಟ್ಟೆಯ ಒಂದು ಸುರುಳಿ ಅಲ್ಲಿತ್ತು. ಆದರೆ ಕೊಡುವ ಮನಸ್ಸಿರಲಿಲ್ಲ.

"ಮಳೆ ಬಂದ್ರೆ ಕಣದಾಗೆ ರಾಶಿ ಮ್ಯಾಲೆ ಹೊದಿಸಾಕೆ ಮಡಗಿವ್ನಿ. ಒಂದು ಅನಿ ಇಳಿಯಾಕಿಲ್ಲ. ಕಾರ್ಗೆ ತಗಡು ಆಕುಸ್ಕೊಳಿ, ಗಟ್ಟಿಯಾಗಿರ್ತದೆ."

"ನಮ್ಮ ಭಾವನವರೂ ಅದನ್ನೇ ಹೇಳೋದು."

"ಮತ್ತೆ?"

"ಗೌರವವಾಗಿ ಮುಚ್ಕೊಂಡು ಹೋಗು ಅಂತಾರೆ. ನಾನು ಏನು ತಪ್ಪು ಮಾಡಿದೀನಿ ಅಂತ ಮುಚ್ಕೊಳ್ಳಲಿ, ಮಾದೇವಮ್ಮ?"

ಮಾದೇವಮ್ಮ ಮಜ್ಜಿಗೆಯ ಲೋಟ ತೆಗೆದು ಪಕ್ಕಕ್ಕಿಟ್ಟರು. "ನಮ್ಮೋರು ಓದಾಗ ನಂಗೂ ಅಂದ್ರು. ಎಂಗಸು ಒಲದ ತಾವ ಓಗ್ಬ್ಯಾಡ, ಬ್ಯಾರೆಯೋರ್ಗೆ ವಾರಕ್ಕೆ ಬುಟ್ಟು ಪಾಲು ತಕೊ ಅಂತ." ಎದ್ದು ಏಣಿಯನ್ನು ಅಟ್ಟಕ್ಕೆ ಒರಗಿಸಿದರು. "ಬುಡ್ನಿಲ್ಲ ನಾನು. ನನ್ ರಾಶಿಗೆ ಒಳ್ಳೆ ಟಾರ್ಪಾಲು ತಂದ್ಕೊಡಿ. ಇದ್ನ ತಕೊಂಡೋಗಿ."

ಬೇವಿನೆಲೆಯ ಜೊತೆ ಸುತ್ತಿಟ್ಟಿದ್ದ ಸುರುಳಿಯನ್ನು ಇಬ್ಬರೂ ಹಿಡಿದು ಇಳಿಸಿದರು. ಮೇಲಿನ ಒಂದೆರಡು ಸುತ್ತು ಅಂಟಿಕೊಂಡು ಹಾಳಾಗಿತ್ತು. ಒಳಗಿನದು ಮೆತ್ತಗೆ, ಎಲ್ಲಿ ಬೇಕಾದರೂ ಮಡಿಚುವಂತಿತ್ತು. ಗಿರಿಜಾಂಬಾ ಅದರ ಮೇಲೆ ಮುಖವಿಟ್ಟು ರಬ್ಬರಿನ ವಾಸನೆ ಮೂಸಿ ನೋಡಿದರು.

ಮರುವಾರವೇ ಟಾರ್ಪಾಲು ಇಲವಾಲಕ್ಕೆ ಹೋಯಿತು. ಟಾಪು ಹೊಲಿಯಲು ಚಾಮಯ್ಯ ತಾನಾಗಿ ಬಂದ. ಗರಗಸ ತಾಗಿದ್ದ ಕಮಾನಿಗೆ ಹೊಸ ಮರದ ಪಟ್ಟಿ ಕೂಡಿಸಿದ, ಹೊಲಿಗೆಯ ಮೇಲೆಲ್ಲ ರಬ್ಬರ್ ದ್ರಾವಣ ಬಳಿದ. ಹಳೇ ಟಾಪು ಕಪ್ಪಗಿತ್ತು, ಇದು ಮಿಲಿಟರಿ ಹಸಿರು. ಬಣ್ಣ ಹೊಡೆಯಲೇ ಎಂದು ಅವನು ಕೇಳಿದಾಗ ಗಿರಿಜಾಂಬಾ ಬೇಡವೆಂದರು. ಬಣ್ಣ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಪಕ್ಕದ ಪರದೆಗಳಿಗೆ ಬಟ್ಟೆ ಸಾಲಲಿಲ್ಲ. ಅವೂ ಬೇಡವೆಂದರು.

ಟಾಪು ಕೂರಿಸಿದ ದಿನ ಅದನ್ನು ಪೂರ್ತಿ ಹಿಂದಕ್ಕೆ ಮಡಿಚಿ, ತಲೆ ಎತ್ತಿಕೊಂಡು ಸಂತೇಪೇಟೆಯಲ್ಲಿ ಹೋದರು. ಅಂಗಡಿಯ ಗಾದಿಯ ಮೇಲೆ ಕೂತಿದ್ದ ರುದ್ರಸ್ವಾಮಿ ನೋಡಿದರು. "ಮಿಲಿಟರಿ ಲಾರಿ ಬಂತು," ಎಂದು ಗಿರಾಕಿಗಳಿಗೆ ಕೇಳಿಸುವಂತೆ ಅಂದರು. ಗಿರಿಜಾಂಬಾ ಕಾರು ನಿಲ್ಲಿಸಿ, ಕೈಮುಗಿದು, ಮತ್ತೆ ಹೊರಟರು.

ಆಮೇಲೂ ಅವರಿಬ್ಬರ ನಡುವೆ ಮಾತಿರಲಿಲ್ಲ. ಆದರೆ ಕಾರ್ತಿಕದ ಕೊನೆಯ ಸೋಮವಾರ ರುದ್ರಸ್ವಾಮಿಯವರ ಹೆಂಡತಿ ಪ್ರೇಮಲೀಲಾ ಹಣ್ಣುಕಾಯಿಯ ಬುಟ್ಟಿ ಹಿಡಿದು ಒಂಟಿಕೊಪ್ಪಲಿಗೆ ನಡೆದೇ ಬಂದರು.

"ನಂಜನಗೂಡಿಗೆ ಹೋಗ್ತೀಯಂತಲ್ಲ ಗಿರಿಜಾ. ನಾನೂ ಬರ್ತೀನಿ."

"ಭಾವನವರಿಗೆ ಹೇಳಿದೀರಾ ಅಕ್ಕ?"

"ಹೇಳಿದೆ. ಬೇಡ ಅಂದ್ರು." ಪ್ರೇಮಲೀಲಾ ಮುಂದಿನ ಸೀಟಿನಲ್ಲಿ ಕೂತು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡರು. ಬಿಸಿಲಿದೆಯೆಂದು ಗಿರಿಜಾಂಬಾ ಟಾಪು ಎತ್ತಲು ಹೋದಾಗ ಅವರ ಕೈ ಹಿಡಿದು ತಡೆದರು.

"ಇರಲಿ ಬಿಡೆ," ಎಂದರು. "ಸಂತೇಪೇಟೆ ಮೇಲೇ ಹೋಗೋಣ."